ಸಹಿ ಹಾಕುವ ಮುಂಚೆ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ನಿಧಿಗೆ ಹಣ ಕೇಳಲು ನಿಂತಿದ್ದೇನೆ. ಅದಕ್ಕೂ ಮೊದಲು ಒಂದು ಪ್ರಸಂಗ ಹೇಳುತ್ತೇನೆ.

ಗದಗಿನ ಕಡೆಯ ತಾಯಿಯೊಬ್ಬರು ಯಾತ್ರೆಗೆ ಬಂದು ಇಲ್ಲೇ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ಮೂರನೆಯ ದಿನ ಮಗನ ಕೈಗೆ ಹಿಂದಿಯಲ್ಲಿದ್ದ ನಾಲ್ಕು ಹಾಳೆ ಬಂದವು. ಓದಲು ಬಾರದೆ ಸಹಿ ಹಾಕಿದ. "ಹಾಕಲಿಲ್ಲಂದ್ರ ಔಷಧ ನಿಲ್ಲಸ್ತಾರೇನೋ ಅಂತ ಅಂಜಿಕಿ ಆತ್ರಿ" ಎಂದ. ನಾನು ಓದಿದೆ. ಅದು ಹೊಸ ಔಷಧವೊಂದರ ಪ್ರಯೋಗಕ್ಕೆ ಒಪ್ಪಿಗೆ ಪತ್ರ. ತಾಯಿಗೆ ಪೂರ್ಣ ಎಚ್ಚರವಿತ್ತು. ಅವರನ್ನೇ ಯಾರೂ ಕೇಳಿರಲಿಲ್ಲ.

ಪ್ರಯೋಗಗಳೇ ಬೇಡ ಎನ್ನುತ್ತಿಲ್ಲ. ನಮ್ಮ ಊರಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಬಿಹಾರದಲ್ಲಿ 412 ಕಾಲಾ ಅಜಾರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಸುಮಾರು ಒಂದು ತಿಂಗಳಲ್ಲಿ 15 ಬಾರಿ ಡ್ರಿಪ್ ಹಾಕಿದಾಗ ಸಿಗುತ್ತಿದ್ದ ಗುಣ, ಹೊಸ ರೂಪದ ಔಷಧದಲ್ಲಿ ಒಂದೇ ಬಾರಿಗೆ ಸಿಕ್ಕಿತು. ಕೂಲಿ ಬಿಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇರಲಾಗದ ಬಡವರಿಗೆ ಅದು ದೊಡ್ಡ ಉಪಕಾರ.

ಆದರೆ 2009ರಲ್ಲಿ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಅನೇಕ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. 2010ರಲ್ಲಿ ಅದನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು.

ಈಗ 2019ರ ನಿಯಮಗಳಿವೆ. ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು; ಆ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅವರಲ್ಲಿ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಗೆ ವಿವರಿಸುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿ ಹಾಜರಿರಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ರೋಗಿಗೆ ಕೊಡಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಉಂಟು. ಬೇಡವೆಂದರೂ, ನಡುವೆ ಬಿಟ್ಟರೂ ಮಾಮೂಲು ಚಿಕಿತ್ಸೆ ನಿಲ್ಲುವಂತಿಲ್ಲ.

ಇಷ್ಟನ್ನೂ ಆ ತಾಯಿಗೆ ಕನ್ನಡದಲ್ಲಿ ಹೇಳಿದೆವು. "ಒಲ್ಲೆ ಅಂದ್ರ ನನ್ನ ನೋಡೂದಿಲ್ಲೇನು?" ಎಂದು ಕೇಳಿದರು. ವೈದ್ಯರು, "ಖಂಡಿತ ನೋಡುತ್ತೇವೆ" ಎಂದರು. ಅವರು ಒಲ್ಲೆ ಎಂದರು. ಇನ್ನೊಬ್ಬರು ಒಪ್ಪಬಹುದಿತ್ತು, ಅದೂ ಸರಿಯೇ. ತಿಳಿದು ಹೇಳಿದ ಮಾತಾಗಿರಬೇಕು, ಅಷ್ಟೆ.

ಆ ತಾಯಿಯ ಔಷಧಿಯ ಬಿಲ್ಲಿಗೆ ನಿಮ್ಮ ನಿಧಿಯಿಂದ ಹಣ ಹೋಯಿತು. ಆದರೆ ಪಕ್ಕದಲ್ಲಿ ಕೂತು ಓದಿ ಹೇಳಲು ಅಂದು ಇದ್ದವರು ನಾವಿಬ್ಬರೇ. ಊರಿನಿಂದ ಬಂದವರಿಗೆ ಇಲ್ಲಿ ಹಣದಷ್ಟೇ ಭಾಷೆಯೂ ಕೊರತೆ.

ಆದ್ದರಿಂದ ಕಾರ್ಯದರ್ಶಿಗಳ ಮೇಜಿನ ಮೇಲೆ ಇಂದು ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ರಸೀದಿ ಪುಸ್ತಕ, ಕೈಲಾದಷ್ಟು ಕೊಡಿ. ಇನ್ನೊಂದರಲ್ಲಿ, ಕರೆದಾಗ ಒಂದು ಗಂಟೆ ಆಸ್ಪತ್ರೆಗೆ ಬರಬಲ್ಲವರು ಹೆಸರು ಬರೆಸಿ. ಹಿಂದಿ, ಕನ್ನಡ ಎರಡೂ ಬಂದರೆ ಸಾಕು. ಯುವಕರು ಮೊದಲು ಬರಲಿ.