ಯಜಮಾನರು ಹೋದ ಮೇಲೆ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸಾವಿನ ಮಾತೇಕೆ ಅಂತ ತಾವು ಕೇಳಬಹುದು. ಸಂಘಕ್ಕೆ ಇಪ್ಪತ್ತೈದು ತುಂಬಿತು. ಮೊದಲು ಷೇರು ಕಟ್ಟಿದ ಹಿರಿಯರಲ್ಲಿ ಹಲವರು ಇಂದು ನಮ್ಮೊಂದಿಗಿಲ್ಲ. ಅವರ ಷೇರು, ಠೇವಣಿ, ಸಾಲ ಪುಸ್ತಕದಲ್ಲಿ ಹಾಗೇ ಉಳಿದಿವೆ. ಲೆಕ್ಕ ನೋಡುವ ನಾವು ಅದಕ್ಕೇ ಈ ನಾಲ್ಕು ಮಾತು ಹೇಳುತ್ತಿದ್ದೇವೆ.

ಮೊದಲನೆಯದು ಮರಣ ನೋಂದಣಿ. 21 ದಿನದೊಳಗೆ ಮಾಡಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ ಪಡೆಯಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಬಿಟ್ಟರೆ ಮುಂದೆ ಕೋರ್ಟು ಕಚೇರಿ ತಪ್ಪಿದ್ದಲ್ಲ.

ಎರಡನೆಯದು ನಾಮಿನಿ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವನು, ಒಡೆಯನಲ್ಲ. ವಿಮೆಯ ಬಗ್ಗೆ 1984ರಲ್ಲೂ ಕಂಪನಿ ಷೇರಿನ ಬಗ್ಗೆ 2023ರಲ್ಲೂ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಹಿಂದೂ ಕುಟುಂಬದ ಯಜಮಾನರೊಬ್ಬರ ಸ್ವಂತ ದುಡಿಮೆಯ ಠೇವಣಿ 3 ಲಕ್ಷ, ನಾಮಿನಿ ಹಿರಿಮಗ ಅನ್ನಿ. ಉಯಿಲು ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದರೆ ತಲಾ 75,000. ಯಜಮಾನರ ತಾಯಿಯೂ ಇದ್ದರೆ ಪಾಲು ಐದು, ತಲಾ 60,000. ಸಂಘ ಹಿರಿಮಗನ ಕೈಗೆ ಕೊಟ್ಟರೂ ಅವನು ಎಲ್ಲರಿಗೂ ಹಂಚಬೇಕು. ಮುಸ್ಲಿಂ, ಕ್ರೈಸ್ತ ಬಂಧುಗಳಿಗೆ ಪಾಲಿನ ಲೆಕ್ಕ ಬೇರೆ.

ಇನ್ನು ಜಮೀನು. ಪಹಣಿ ಸತ್ತ ಅಜ್ಜನ ಹೆಸರಲ್ಲೇ ಇದ್ದರೆ ಬೆಳೆಸಾಲಕ್ಕೂ ತೊಂದರೆ, ಪರಿಹಾರಕ್ಕೂ ತೊಂದರೆ. ಪೌತಿ ಖಾತೆ ಮಾಡಿಸಿಕೊಳ್ಳಿ. ಆದರೆ ಖಾತೆಯಾದ ಮಾತ್ರಕ್ಕೆ ಪಾಲಾದಂತಲ್ಲ, ವಿಭಾಗಪತ್ರವೇ ಬೇರೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು. ಆ ದಿನ ತಂದೆ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ತವರಿಗೆ ಬಂದ ತಂಗಿಯಿಂದ ಏನೂ ಹೇಳದೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಲ್ಲಲಿ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಭದ್ರ. ಪ್ರೊಬೇಟ್ ಎಂದರೆ ಉಯಿಲು ನಿಜವೆಂದು ಕೋರ್ಟು ಕೊಡುವ ಮುದ್ರೆ; ನಮ್ಮ ಕಡೆ ಅದು ಕಡ್ಡಾಯವಲ್ಲ. ಉಯಿಲೂ ಇಲ್ಲ, ನಾಮಿನಿಯೂ ಇಲ್ಲದೆ ವಾರಸುದಾರರಲ್ಲಿ ತಕರಾರು ಬಂದರೆ, ಹಣದ ಬಾಬ್ತಿಗೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪತ್ರ ತರಬೇಕಾಗುತ್ತದೆ.

ಕೊನೆಯದು ಸಾಲ. ಸಾಲ ಸಾಯುವುದಿಲ್ಲ. ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯಲ್ಲಿ ತೀರಿಸಬೇಕು. ಜಾಮೀನು ನಿಂತ ನೆರೆಯವನ ಹೊಣೆಯೂ ಉಳಿಯುತ್ತದೆ. ಅವನನ್ನು ನಡುನೀರಲ್ಲಿ ಬಿಡುವುದು ಸಹಕಾರ ಧರ್ಮವಲ್ಲ.

ಬಂಧುಗಳೇ, ಈ ವಾರವೇ ಸಂಘಕ್ಕೆ ಬಂದು ತಮ್ಮ ನಾಮಿನಿ ಯಾರು ಅಂತ ನೋಡಿಕೊಳ್ಳಿ. ತೀರಿಕೊಂಡವರ ಹೆಸರಿದ್ದರೆ ಬದಲಾಯಿಸಿ. ಪುಸ್ತಕ, ರಸೀದಿ ಎಲ್ಲಿವೆ ಅಂತ ಮನೆಯ ಹೆಣ್ಣುಮಕ್ಕಳಿಗೆ ತಿಳಿಸಿ. ನಾವು ಕಟ್ಟಿದ ಆಸ್ತಿ ಮಕ್ಕಳನ್ನು ಕೂಡಿಸಬೇಕು, ಒಡೆಯಬಾರದು.