ಬೆಲ್ಟಿಗೆ ಮೋಸ ಮಾಡುವ ಕ್ಲಿಪ್ಪು



ಇವತ್ತು ರಾಜಕೀಯ ಬೇಡ. ಅಂಗೈ ಅಗಲವೂ ಇಲ್ಲದ ಒಂದು ಲೋಹದ ತುಂಡಿನ ಬಗ್ಗೆ ಮಾತಾಡೋಣ. ಕಾರಿನ ಸೀಟ್ ಬೆಲ್ಟಿನ ತುದಿಯಲ್ಲಿ ಬಕಲ್‌ಗೆ ಸಿಕ್ಕಿಸೋ ಒಂದು ನಾಲಿಗೆ ಇರುತ್ತಲ್ಲ, ಅದರದ್ದೇ ತದ್ರೂಪ ಇದು. ಆದರೆ ಇದಕ್ಕೆ ಬೆಲ್ಟ್ ಇರೋದಿಲ್ಲ, ಬರೀ ನಾಲಿಗೆ. ತಂದು ಬಕಲ್‌ಗೆ ಸಿಕ್ಕಿಸಿದರೆ ಸಾಕು, ಒಳಗೆ ಕೂತವರು ಬೆಲ್ಟ್ ಹಾಕಿಕೊಂಡಿದ್ದಾರೆ ಅಂತ ಪಾಪ ಕಾರು ನಂಬಿಬಿಡುತ್ತೆ. ಟಿಂಗ್ ಟಿಂಗ್ ಅನ್ನೋ ಸದ್ದು ನಿಲ್ಲುತ್ತೆ. ಇದರ ಕೆಲಸ ಇಷ್ಟೇ.

ಸ್ವಲ್ಪ ಯೋಚನೆ ಮಾಡಿ. ನಮ್ಮ ಜೀವ ಉಳಿಸೋಕೆ ಅಂತ ಒಂದು ಸಾಧನ ಇದೆ. ಅದನ್ನು ನಾವು ಮರೆಯದೇ ಇರಲಿ ಅಂತ ನೆನಪು ಮಾಡೋಕೆ ಇನ್ನೊಂದು ಸಾಧನ ಇದೆ. ಆ ನೆನಪು ಮಾಡೋ ಸಾಧನದ ಬಾಯಿ ಮುಚ್ಚಿಸೋಕೆ ನಾವು ಕೈಯಿಂದ ದುಡ್ಡು ಕೊಟ್ಟು ಮೂರನೆಯದೊಂದನ್ನು ತರ್ತೀವಿ. ಲಕ್ಷಗಟ್ಟಲೆ ಸಾಲ ಮಾಡಿ ಕಾರು ತಗೊಳ್ಳುವಾಗ ‘ಏರ್‌ಬ್ಯಾಗ್ ಎಷ್ಟಿದೆ, ಸ್ಟಾರ್ ರೇಟಿಂಗ್ ಎಷ್ಟು’ ಅಂತ ಶೋರೂಮಿನಲ್ಲಿ ಹತ್ತು ಸಲ ಕೇಳಿದವರೇ ಇದನ್ನೂ ತರ್ತಾರೆ.

ಇದೆಲ್ಲ ಅಲ್ಲೊಬ್ಬರು ಇಲ್ಲೊಬ್ಬರು ಮಾಡೋದು ಅಂದುಕೊಂಡಿದ್ದರೆ ಈ ಲೆಕ್ಕ ಕೇಳಿ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ, ಸ್ನ್ಯಾಪ್‌ಡೀಲ್, ಶಾಪ್‌ಕ್ಲೂಸ್ ಎಂಬ ಐದು ಆನ್‌ಲೈನ್ ಮಳಿಗೆಗಳಿಗೆ ಆದೇಶ ಹೊರಡಿಸಿತು. ಈ ಕ್ಲಿಪ್ಪುಗಳನ್ನು ಮಾರೋದು ಗ್ರಾಹಕರ ಹಕ್ಕಿಗೆ ವಿರುದ್ಧ, ಕೂಡಲೇ ತೆಗೆದುಹಾಕಿ ಅಂದಿತು. ತೆಗೆದುಹಾಕಿದ ಜಾಹೀರಾತುಗಳ ಸಂಖ್ಯೆ ಎಷ್ಟು ಗೊತ್ತೇ? 13,118. ಹದಿಮೂರು ಸಾವಿರದ ನೂರ ಹದಿನೆಂಟು ಕಡೆ ಈ ಮಾಲು ಮಾರಾಟಕ್ಕೆ ಇತ್ತು! ಕೆಲವು ಮಾರಾಟಗಾರರಂತೂ ಇದನ್ನು ಬಾಟಲಿ ಮುಚ್ಚಳ ತೆಗೆಯೋ ಸಾಧನ ಅಂತಲೋ, ಸಿಗರೇಟು ಲೈಟರ್ ಅಂತಲೋ ವೇಷ ಹಾಕಿಸಿ ಮಾರುತ್ತಿದ್ದರು. ಕಾರು ಓಡಿಸುವವನ ಬೆಲ್ಟಿನ ಜಾಗಕ್ಕೆ ಬಾಟಲಿ ಓಪನರ್! ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಬೇಕಾಗಿಲ್ಲ.

ಅದೇ ಆದೇಶದಲ್ಲಿ ಇನ್ನೊಂದು ಎಚ್ಚರಿಕೆ ಇದೆ, ಅದನ್ನು ಕಾರು ಇರುವ ಪ್ರತಿಯೊಬ್ಬರೂ ಕೇಳಿಸಿಕೊಳ್ಳಬೇಕು. ಇಂಥ ಕ್ಲಿಪ್ ಬಳಸಿದ್ದರೆ ಅಪಘಾತವಾದಾಗ ವಿಮಾ ಕಂಪನಿ ‘ಇದು ನಿಮ್ಮದೇ ನಿರ್ಲಕ್ಷ್ಯ’ ಅಂತ ಹೇಳಿ ಪರಿಹಾರ ಕೊಡಲು ನಿರಾಕರಿಸಬಹುದು. ಅಂದರೆ ಹೋದವರು ಹೋದರು, ಉಳಿದವರಿಗೆ ಬರಬೇಕಾದ ದುಡ್ಡಿಗೂ ಕಲ್ಲು.

ಈಗ ಏರ್‌ಬ್ಯಾಗ್ ವಿಚಾರಕ್ಕೆ ಬರೋಣ. ‘ನಮ್ಮ ಕಾರಲ್ಲಿ ಆರು ಏರ್‌ಬ್ಯಾಗ್ ಇದೆ ಸಾರ್, ಬೆಲ್ಟ್ ಯಾಕೆ’ ಅನ್ನೋರಿದ್ದಾರೆ. ನಿಮ್ಮ ಸ್ಟೀರಿಂಗ್ ಮೇಲೆ ಎಸ್‌ಆರ್‌ಎಸ್ ಏರ್‌ಬ್ಯಾಗ್ ಅಂತ ಬರೆದಿರುತ್ತೆ, ನೋಡಿ. ಅದರಲ್ಲಿರುವ ಮೊದಲ ‘ಎಸ್’ ಅಂದರೆ ಸಪ್ಲಿಮೆಂಟಲ್. ಪೂರಕ ಅಂತ ಅರ್ಥ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಯಾವುದಕ್ಕೆ ಪೂರಕ? ಸೀಟ್ ಬೆಲ್ಟಿಗೆ. ಊಟ ಬೆಲ್ಟು, ಉಪ್ಪಿನಕಾಯಿ ಏರ್‌ಬ್ಯಾಗು. ಆ ಚೀಲ ಕಣ್ಣೆವೆ ಮಿಟುಕಿಸುವಷ್ಟರೊಳಗೆ ಸ್ಫೋಟದ ವೇಗದಲ್ಲಿ ಉಬ್ಬಿಕೊಂಡು ಎದುರಿಗೆ ಬರುತ್ತೆ. ಬೆಲ್ಟ್ ನಿಮ್ಮನ್ನು ಸೀಟಿಗೆ ಹಿಡಿದಿಟ್ಟಿದ್ದರೆ ಅದು ಮೆತ್ತೆ. ಬೆಲ್ಟ್ ಇಲ್ಲದೆ ನೀವೇ ಮುಂದಕ್ಕೆ ನುಗ್ಗಿ, ಇನ್ನೂ ಉಬ್ಬುತ್ತಿರುವ ಆ ಚೀಲಕ್ಕೆ ಮುಖ ಕೊಟ್ಟರೆ ಅದೇ ಮೆತ್ತೆ ಹೊಡೆತವಾಗುತ್ತೆ.

ಲೆಕ್ಕ ಸರಳ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇದ್ದೀರಿ, ಕಾರು ಗೋಡೆಗೋ ಲಾರಿಗೋ ಗುದ್ದಿ ನಿಂತಿತು. ಕಾರು ನಿಂತಿತೇ ಹೊರತು ನೀವು ನಿಂತಿಲ್ಲ. ನಿಮ್ಮ ದೇಹ ಅದೇ 50ರ ವೇಗದಲ್ಲಿ ಮುಂದಕ್ಕೆ ಹೋಗ್ತಾ ಇದೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಕಟ್ಟಡದ ಮೇಲಿಂದ ಬಿದ್ದಾಗಿನ ವೇಗ ಅದು. 80ರಲ್ಲಿದ್ದರೆ ಸುಮಾರು 25 ಮೀಟರ್, ಎಂಟು ಅಂತಸ್ತು. ಇಷ್ಟು ಎತ್ತರದಿಂದ ಬೀಳುವವನು ಎರಡು ಕೈ ಮುಂದೆ ಚಾಚಿ ತನ್ನನ್ನು ತಡೆದುಕೊಳ್ಳಬಲ್ಲನೇ? ‘ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ’ ಅನ್ನೋ ಮಾತಿಗೆ ಬೆಲೆ ಇಷ್ಟೇ.

ಮೂರು ಕಡೆ ಹಿಡಿಯುವ ಈಗಿನ ಬೆಲ್ಟನ್ನು 1959ರಲ್ಲಿ ತಂದವನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಬೇಕಿದ್ದರೆ ಪೇಟೆಂಟ್ ಹಿಡಿದುಕೊಂಡು ಕೋಟಿ ಕೋಟಿ ಎಣಿಸಬಹುದಿತ್ತು. ಹಾಗೆ ಮಾಡಲಿಲ್ಲ, ಎಲ್ಲ ಕಾರು ತಯಾರಕರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಒಬ್ಬರು ಜೀವ ಉಳಿಯಲಿ ಅಂತ ಲಾಭ ಬಿಟ್ಟರು. ನಾವು ಸದ್ದು ಕೇಳಬಾರದು ಅಂತ ಜೀವ ಬಿಡೋಕೆ ತಯಾರಾಗಿದ್ದೀವಿ.

ಹಿಂದಿನ ಸೀಟಿನವರು ನಗಬೇಡಿ. ನಿಮ್ಮ ಕಥೆಯೂ ಇದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕೂತಿದ್ದದ್ದು ದುಬಾರಿ ಐಷಾರಾಮಿ ಕಾರು. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಇಬ್ಬರೂ ಉಳಿಯಲಿಲ್ಲ. ಮುಂದಿನ ಸೀಟಿನ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ತಾವು ಹೋಗೋದು ಮಾತ್ರ ಅಲ್ಲ, ಮುಂದಿನ ಸೀಟಿನಲ್ಲಿರುವ ಹೆಂಡತಿಯ ಮೇಲೋ ಮಗನ ಮೇಲೋ ಮೂಟೆಯಂತೆ ಅಪ್ಪಳಿಸುತ್ತಾರೆ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ, ಹಾಕದಿದ್ದರೆ ಸಾವಿರ ರೂಪಾಯಿ ದಂಡ. ಎಷ್ಟು ಜನ ಹಾಕ್ತೀರಿ? ಎಷ್ಟೋ ಕಾರುಗಳಲ್ಲಿ ಹಿಂದಿನ ಬಕಲ್ಲು ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೀಟ್ ಬೆಲ್ಟ್ ಹಾಕದಿದ್ದವರು 16,715. ಹೆಲ್ಮೆಟ್ ಹಾಕದಿದ್ದವರು 50,029. ಹಾಕಿದ್ದರೆ ಅಷ್ಟೂ ಜನ ಬದುಕುತ್ತಿದ್ದರು ಅಂತ ನಾನು ಹೇಳಲ್ಲ. ಆದರೆ ಅವರಿಗೆ ಒಂದು ಅವಕಾಶ ಇರುತ್ತಿತ್ತು. ದಿನಕ್ಕೆ ಸರಾಸರಿ 137 ಮಂದಿ ಹೆಲ್ಮೆಟ್ ಇಲ್ಲದೆ ಸತ್ತಿದ್ದಾರೆ ಸ್ವಾಮಿ. ಒಂದು ವಿಮಾನ ಬಿದ್ದು ಅಷ್ಟು ಜನ ಸತ್ತರೆ ನಾವು ಮೂರು ದಿನ ಇದೇ ಪರದೆಯ ಮೇಲೆ ಅದನ್ನೇ ತೋರಿಸ್ತೀವಿ.

ಹೆಲ್ಮೆಟ್ ವಿಚಾರದಲ್ಲೂ ಕ್ಲಿಪ್ಪಿನ ಬುದ್ಧಿಯೇ. ಸೀಟ್ ಬೆಲ್ಟಿಗೆ ಕ್ಲಿಪ್ ಹೇಗೋ ತಲೆಗೆ ಫುಟ್‌ಪಾತಿನ ಚಿಪ್ಪು ಹಾಗೆ. ಪೊಲೀಸಪ್ಪನಿಗೆ ತೋರಿಸೋಕೆ ಒಂದು ಪ್ಲಾಸ್ಟಿಕ್ ಚಿಪ್ಪು. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ ಐಎಸ್‌ಐ ಮುದ್ರೆ ಕಡ್ಡಾಯ, ಮುದ್ರೆ ಇಲ್ಲದ್ದನ್ನು ತಯಾರಿಸೋದೂ ಮಾರೋದೂ ಅಪರಾಧ. ಹಾಗಿದ್ದರೂ ರಿಂಗ್ ರಸ್ತೆಯ ಬದಿಯಲ್ಲಿ ಹಗಲು ಹೊತ್ತಿನಲ್ಲೇ ರಾಶಿ ಹಾಕಿ ಮಾರ್ತಾರೆ. ಹಾಕಿಲ್ಲದ ಸವಾರನನ್ನು ಹಿಡಿಯೋಕೆ ಸಿಗ್ನಲ್ಲಿನಲ್ಲಿ ಕ್ಯಾಮೆರಾ ಇದೆ. ನಕಲಿ ಮಾರುವವನನ್ನು ಹಿಡಿಯೋಕೆ ಯಾರಿದ್ದಾರೆ? ಸರ್ಕಾರ ಇದಕ್ಕೆ ಉತ್ತರ ಕೊಡಬೇಕು.

ಒಳ್ಳೆಯ ಹೆಲ್ಮೆಟ್ಟಿನ ಜೀವ ಇರೋದು ಹೊರಗಿನ ಬಣ್ಣದಲ್ಲಲ್ಲ, ಒಳಗಿರುವ ಥರ್ಮಾಕೋಲಿನಂಥ ದಪ್ಪ ಪದರದಲ್ಲಿ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತೆ. ಅದಕ್ಕೇ ಒಂದು ಸಲ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಕೆಲಸ ಮುಗಿದ ಹಾಗೆ, ಬದಲಿಸಿ. ಗದ್ದದ ಪಟ್ಟಿ ಬಿಗಿಯದಿದ್ದರೆ ಹೆಲ್ಮೆಟ್ ಮೊದಲು ಹಾರಿಹೋಗುತ್ತೆ, ತಲೆ ಆಮೇಲೆ ನೆಲಕ್ಕೆ ಬಡಿಯುತ್ತೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಕೂರಿಸುವಾಗ ಹೆಲ್ಮೆಟ್ ಬೇಕು, ಸವಾರನಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ ಬೇಕು, ವೇಗ 40 ದಾಟಬಾರದು ಅಂತ ನಿಯಮವೇ ಇದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ನೋಡಿ, ಅಪ್ಪನ ತಲೆಗೆ ಹೆಲ್ಮೆಟ್, ಟ್ಯಾಂಕಿನ ಮೇಲೆ ಕೂತ ಮಗುವಿನ ತಲೆಗೆ ಬರೀ ಟೋಪಿ.

ಈಗ ಇನ್ನೊಂದು ಸಾಮಾನು. ಪುಟ್ಟ ಸುತ್ತಿಗೆ. ಬಸ್ಸಿನ ಕಿಟಕಿ ಪಕ್ಕ ಕೆಂಪು ಬಣ್ಣದ್ದು ಇರಬೇಕು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಹನ್ನೆರಡು ವರ್ಷ ಕಳೆಯಿತು. 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಅದೇ ಹೆದ್ದಾರಿಯಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿ ಬೆಂಕಿಗೆ ಸಿಕ್ಕಿ 19 ಪ್ರಯಾಣಿಕರು ಹೋದರು. ಬದುಕಿದವರಲ್ಲಿ ಹಲವರು ಕಿಟಕಿ ಗಾಜು ಒಡೆದು ಹಾರಿದವರು. ಹಾಗಿದ್ದಮೇಲೆ ಆ ಸುತ್ತಿಗೆ ಅಲಂಕಾರಕ್ಕಾ? ಎಷ್ಟೋ ಬಸ್ಸುಗಳಲ್ಲಿ ಸುತ್ತಿಗೆಯ ಸ್ಟಾಂಡ್ ಇರುತ್ತೆ, ಸುತ್ತಿಗೆ ಇರಲ್ಲ. ತುರ್ತು ಬಾಗಿಲಿಗೆ ಅಡ್ಡವಾಗಿ ಪಾರ್ಸೆಲ್ ಮೂಟೆ. ಮಾಲೀಕರು ಹೇಳ್ತಾರೆ, ‘ಪ್ರಯಾಣಿಕರೇ ಕದ್ದುಕೊಂಡು ಹೋಗ್ತಾರೆ ಸಾರ್’ ಅಂತ. ಅದೂ ಸುಳ್ಳಲ್ಲ. ಕದ್ದವರು ಯಾರೋ ಇದನ್ನು ಓದುತ್ತಿದ್ದರೆ ಒಂದು ಮಾತು ತಿಳಿದಿರಲಿ, ಮುಂದಿನ ಸಲ ಆ ಸೀಟಿನಲ್ಲಿ ಕೂರುವುದು ನಿಮ್ಮ ಮಗಳೇ ಇರಬಹುದು. ಹಾಗಂತ ಮಾಲೀಕರಿಗೂ ವಿನಾಯಿತಿ ಇಲ್ಲ. ಹೋದದ್ದನ್ನು ತಂದಿಡುವುದು ಅವರ ಕೆಲಸ, ಇಲ್ಲದ ಬಸ್ಸಿಗೆ ಎಫ್‌ಸಿ ಕೊಡದಿರುವುದು ಆರ್‌ಟಿಒ ಕೆಲಸ.

ಗಾಜು ಒಡೆಯೋದಕ್ಕೂ ಒಂದು ಕ್ರಮ ಇದೆ. ಪಕ್ಕದ ಕಿಟಕಿಯ ಗಾಜಿಗೆ ನಟ್ಟನಡುವೆ ಹೊಡೆಯಬೇಡಿ, ಮೂಲೆಗೆ ಹೊಡೆಯಿರಿ. ನಡುವಿನಲ್ಲಿ ಅದು ಬಾಗಿ ಪೆಟ್ಟು ತಡೆದುಕೊಳ್ಳುತ್ತೆ, ಅಂಚಿನಲ್ಲಿ ಪುಡಿಯಾಗುತ್ತೆ. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಲೇಬೇಡಿ, ಅದು ಎರಡು ಗಾಜಿನ ನಡುವೆ ಪದರ ಅಂಟಿಸಿದ್ದು, ಬಿರುಕು ಬಿಡುತ್ತೆ, ಆದರೆ ಬೀಳೋದಿಲ್ಲ.

ಕಾರಿಗೂ ಇದು ಬೇಕು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಏನಾಯ್ತು ನೆನಪಿದೆಯಾ? ವಿಧಾನಸೌಧದ ಬಗಲಲ್ಲೇ, ಮಳೆನೀರಿನಲ್ಲಿ ಕಾರು ಸಿಕ್ಕಿ ಒಬ್ಬ ಯುವತಿ ಪ್ರಾಣ ಬಿಟ್ಟಳು. ನೀರು ತುಂಬಿದ ಅಂಡರ್‌ಪಾಸಿಗೆ ಬ್ಯಾರಿಕೇಡ್ ಹಾಕದ ಆಡಳಿತ ಮೊದಲ ಆರೋಪಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಡಳಿತ ಸರಿಯಾಗುವವರೆಗೆ ನಮ್ಮ ಜೀವ ಕಾಯಬೇಕಲ್ಲ? ಕಾರಿನ ಸುತ್ತ ನೀರು ಏರಿದರೆ ಹೊರಗಿನ ಒತ್ತಡಕ್ಕೆ ಬಾಗಿಲು ತೆರೆಯೋದು ಕಷ್ಟ. ಹಾಗಾಗಿ ಫೋನ್ ಮಾಡ್ತಾ ಕೂರಬೇಡಿ. ಮೊದಲು ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಕೆಲಸ ಮಾಡ್ತಿರುವಾಗಲೇ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಬನ್ನಿ. ಗಾಜು ಇಳಿಯದಿದ್ದರೆ ಆಗ ಸುತ್ತಿಗೆ. ಬೆಲ್ಟ್ ಕತ್ತರಿಸುವ ಬ್ಲೇಡೂ ಇರುವ ಸುತ್ತಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದನ್ನು ಡಿಕ್ಕಿಯಲ್ಲಿ ಜೋಪಾನವಾಗಿ ಇಡಬೇಡಿ, ಡ್ರೈವರ್ ಕೈಗೆ ಸಿಗುವಲ್ಲಿ ಇಡಿ. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಪದರ ಅಂಟಿಸಿದ್ದಾಗಿರುತ್ತೆ, ಅದು ಸುತ್ತಿಗೆಗೆ ಜಗ್ಗಲ್ಲ. ನಿಮ್ಮದು ಯಾವುದು ಅಂತ ಸರ್ವಿಸಿಗೆ ಬಿಟ್ಟಾಗ ಕೇಳಿ.

ಇನ್ನು ತ್ರಿಕೋನ. ಕಾರಿನ ಜೊತೆಗೇ ಕೊಟ್ಟಿರುವ ಕೆಂಪು ಪ್ರತಿಫಲಕ. ಅದು ಪ್ಲಾಸ್ಟಿಕ್ ಕವರಿನಿಂದ ಆಚೆ ಬಂದೇ ಇರಲ್ಲ. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ನಮ್ಮ ಪದ್ಧತಿ ಏನು? ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ. ಗಾಡಿ ರಿಪೇರಿ ಆದಮೇಲೆ ಹೊರಟುಬಿಡ್ತೀವಿ, ಕಲ್ಲು ಅಲ್ಲೇ ಉಳಿಯುತ್ತೆ, ಹಿಂದೆ ಬರುವ ಬೈಕಿನವನ ಪಾಲಿಗೆ. ಇಂಡಿಕೇಟರ್ ನಾಲ್ಕೂ ಹಾಕಿ, ತ್ರಿಕೋನವನ್ನು ಗಾಡಿಯ ಹಿಂದೆ ಸಾಕಷ್ಟು ದೂರದಲ್ಲಿ ಇಡಿ. ಗಾಡಿಯ ಬುಡದಲ್ಲಿ ಇಟ್ಟರೆ ಹಿಂದಿನವನಿಗೆ ಬ್ರೇಕ್ ಹಾಕೋಕೆ ಸಮಯವೇ ಇರಲ್ಲ. ಮನೆಯವರನ್ನೆಲ್ಲ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಆಮೇಲೆ 112ಕ್ಕೆ ಫೋನ್ ಮಾಡಿ.

ಕೆಲವರು ಹೇಳುವ ಕಷ್ಟವೂ ನನಗೆ ಗೊತ್ತು. ಪಕ್ಕದ ಸೀಟಿನಲ್ಲಿ ತರಕಾರಿ ಚೀಲ ಇಟ್ಟರೂ ಕಾರು ಕಿರುಚುತ್ತೆ, ಅದಕ್ಕೇ ಕ್ಲಿಪ್ ಹಾಕಿದೀವಿ ಅಂತಾರೆ. ಚೀಲವನ್ನು ಹಿಂದೆ ಕೆಳಗಿಡಿ, ಅಥವಾ ಆ ಸೀಟಿನ ಬೆಲ್ಟನ್ನೇ ಹಾಕಿಬಿಡಿ, ಸದ್ದು ನಿಲ್ಲುತ್ತೆ. ಬಸುರಿಯರು ಬೆಲ್ಟ್ ಹಾಕಬಾರದು ಅನ್ನೋ ಮಾತೂ ತಪ್ಪು. ಹಾಕಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬೇಡ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ಆತುಕೊಂಡಿರಲಿ, ಮೇಲಿನ ಪಟ್ಟಿ ಎದೆಯ ನಡುವೆ ಬರಲಿ. ‘ಊರೊಳಗೆ ತಾನೇ, ಇಲ್ಲೇ ಮಾರ್ಕೆಟ್ಟಿಗೆ’ ಅನ್ನೋರಿಗೆ ಮೂರು ಅಂತಸ್ತಿನ ಲೆಕ್ಕವನ್ನು ಆಗಲೇ ಹೇಳಿದ್ದೇನೆ.

ಕಾನೂನು ಮಾಡೋರು ತಮ್ಮ ಕೆಲಸ ಮಾಡಲಿ, ಮಾಡದಿದ್ದರೆ ನಾವು ಇದೇ ಜಾಗದಲ್ಲಿ ಕೂತು ಕೇಳ್ತೀವಿ. ಆದರೆ ನಿಮ್ಮ ಕಾರಿನ ಬಕಲ್ಲಿನಲ್ಲಿ ಏನಿದೆ ಅಂತ ಯಾವ ಸಚಿವರೂ ಬಂದು ನೋಡಲ್ಲ. ನಾಳೆ ಬೆಳಿಗ್ಗೆ ಹೊರಡೋ ಮುಂಚೆ ಐದೇ ನಿಮಿಷ ಕೊಡಿ. ಸೀಟ್ ಕವರಿನ ಕೆಳಗಿಂದ ಹಿಂದಿನ ಬಕಲ್ ಎಳೆದು ಮೇಲಕ್ಕೆ ತನ್ನಿ. ತ್ರಿಕೋನ ಎಲ್ಲಿದೆ ನೋಡಿ, ಒಂದು ಸಲ ಬಿಡಿಸಿ ನಿಲ್ಲಿಸಿ ನೋಡಿ. ಹೆಲ್ಮೆಟ್ಟಿನ ಪಟ್ಟಿಯ ಲಾಕು ಹಿಡಿಯುತ್ತಾ ಪರೀಕ್ಷಿಸಿ. ಬಸ್ಸು ಹತ್ತಿದರೆ ಮೊಬೈಲ್ ತೆಗೆಯೋ ಮುಂಚೆ ಸುತ್ತಿಗೆ ಎಲ್ಲಿ, ತುರ್ತು ಬಾಗಿಲು ಎಲ್ಲಿ ಅಂತ ಕಣ್ಣಾಡಿಸಿ. ಸುತ್ತಿಗೆ ಇಲ್ಲದಿದ್ದರೆ ಕಂಡಕ್ಟರನ್ನು ಜೋರಾಗಿಯೇ ಕೇಳಿ, ಪಕ್ಕದ ನಾಲ್ಕು ಜನಕ್ಕೂ ಕೇಳಿಸಲಿ.

ಆ ಕ್ಲಿಪ್ ನಿಮ್ಮ ಕಾರಿನಲ್ಲಿ ಇದ್ದರೆ ಕಿತ್ತು ಕಸದ ಬುಟ್ಟಿಗೆ ಹಾಕಿ. ಇನ್ನೊಬ್ಬರಿಗೆ ಕೊಡಬೇಡಿ. ಕಾರು ಟಿಂಗ್ ಅಂದರೆ ಬೆಲ್ಟ್ ಎಳೆದು ಹಾಕಿಕೊಳ್ಳಿ, ತಾನಾಗಿಯೇ ಸುಮ್ಮನಾಗುತ್ತೆ.