ಭಾರವಿದ್ದಷ್ಟೂ ಆಯಸ್ಸು ಕಡಿಮೆ



ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಖರವಾಗಿ ಬೆಳಗುವ ನಕ್ಷತ್ರ ಲುಬ್ಧಕ. ಅದು ಒಂಟಿಯಲ್ಲ. ಅದರ ಚಲನೆಯಲ್ಲಿ ಸಣ್ಣದೊಂದು ಓಲಾಟವಿದೆ, ಕಾಣದ ಜೊತೆಗಾರನೊಬ್ಬ ಎಳೆಯುತ್ತಿರಬೇಕು ಎಂದು 1844ರಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಬೆಸೆಲ್ ಊಹಿಸಿದರು. 1862ರಲ್ಲಿ ಅಮೆರಿಕದ ಆಲ್ವನ್ ಕ್ಲಾರ್ಕ್ ಹೊಸ ದೂರದರ್ಶಕವೊಂದನ್ನು ಪರೀಕ್ಷಿಸುತ್ತಿದ್ದಾಗ ಆ ಜೊತೆಗಾರ ಕಣ್ಣಿಗೆ ಬಿದ್ದ. ಗಾತ್ರ ಭೂಮಿಯಷ್ಟು, ದ್ರವ್ಯರಾಶಿ ಮಾತ್ರ ಹೆಚ್ಚುಕಡಿಮೆ ಸೂರ್ಯನಷ್ಟು! ಉರಿದು ಮುಗಿದ ನಕ್ಷತ್ರದ ತಿರುಳು ಅದು. ಶ್ವೇತಕುಬ್ಜ ಎನ್ನುತ್ತಾರೆ.

ಇಲ್ಲೊಂದು ತೊಡಕಿದೆ. ಎರಡೂ ಒಟ್ಟಿಗೆ ಹುಟ್ಟಿದವು. ಸೂರ್ಯನ ಎರಡು ಪಟ್ಟು ಭಾರದ ಲುಬ್ಧಕ ಇನ್ನೂ ಹರೆಯದಲ್ಲಿರುವಾಗ ಹಗುರಾದದ್ದು ಮೊದಲು ಮುಗಿದದ್ದೇಕೆ? ಹುಟ್ಟುವಾಗ ಅದೇ ಹೆಚ್ಚು ಭಾರವಾಗಿತ್ತು. ಸೂರ್ಯನ ಸುಮಾರು ಐದು ಪಟ್ಟು. ಮುಪ್ಪಿನಲ್ಲಿ ಮೈಯ ಬಹುಪಾಲನ್ನು ಹೊರಚೆಲ್ಲಿ ಹೀಗಾಗಿದೆ. ನಕ್ಷತ್ರಗಳಲ್ಲಿ ದೊಡ್ಡ ಆಸ್ತಿವಂತನೇ ಮೊದಲು ದಿವಾಳಿಯಾಗುವುದು. ಭಾರ ಹೆಚ್ಚಿದ್ದಷ್ಟೂ ಒಡಲು ಒತ್ತಿ ಕಾಯುತ್ತದೆ, ಹೈಡ್ರೋಜನ್ ಬೇಗ ತೀರುತ್ತದೆ. ಭಾರ ಹತ್ತು ಪಟ್ಟಾದರೆ ಉರಿ ಸಾವಿರಾರು ಪಟ್ಟು. ಸೂರ್ಯನ ಆಯಸ್ಸು ಸುಮಾರು 1000 ಕೋಟಿ ವರ್ಷ. ಅದರಲ್ಲಿ 460 ಕೋಟಿ ಕಳೆದಿದೆ. ಮುಂದೆ ಅದೂ ಕೆಂಪು ದೈತ್ಯನಾಗಿ ಉಬ್ಬಿ, ಕೊನೆಗೆ ಶ್ವೇತಕುಬ್ಜವಾಗುತ್ತದೆ. ತೀರಾ ಪುಟ್ಟ ನಕ್ಷತ್ರಗಳಾದ ಕೆಂಪು ಕುಬ್ಜಗಳ ಮಾತೇ ಬೇರೆ. ವಿಶ್ವಕ್ಕೆ ಈಗ 1380 ಕೋಟಿ ವರ್ಷ. ಅವುಗಳಲ್ಲಿ ಒಂದೂ ಇನ್ನೂ ಮುಪ್ಪಿನಿಂದ ಸತ್ತಿಲ್ಲ.

ಹಾಗಾದರೆ ಎಷ್ಟೇ ಭಾರದ ತಿರುಳಾದರೂ ಶ್ವೇತಕುಬ್ಜವಾಗಿ ಉಳಿದೀತೇ? ಇಲ್ಲ, ಅದಕ್ಕೊಂದು ಮಿತಿಯಿದೆ ಎಂದು 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕೂತು ಲೆಕ್ಕ ಹಾಕಿದವರು ಹತ್ತೊಂಬತ್ತರ ಸುಬ್ರಹ್ಮಣ್ಯನ್ ಚಂದ್ರಶೇಖರ್. ಇಂದು ಒಪ್ಪಿರುವ ಮಿತಿ ಸೂರ್ಯನ 1.4 ಪಟ್ಟು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಹೆಸರಾಂತ ಖಗೋಳವಿಜ್ಞಾನಿ ಎಡಿಂಗ್ಟನ್ ಇದನ್ನು ಗೇಲಿ ಮಾಡಿದರು. ಅಂಥ ಹಿರಿಯರ ಗೇಲಿಗೆ ಎದುರಾಡುವವರು ಆಗ ಸಿಗಲಿಲ್ಲ. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಭಾರವಾಗಿ ಹುಟ್ಟಿದ ನಕ್ಷತ್ರಗಳ ಒಡಲು ಒಂದೊಂದೇ ಧಾತುವನ್ನು ಉರಿಸುತ್ತ ಕಬ್ಬಿಣದವರೆಗೆ ಬರುತ್ತದೆ. ಕಬ್ಬಿಣದ ಸಮ್ಮಿಳನದಿಂದ ಶಕ್ತಿ ಹುಟ್ಟದು. ಆ ತಿರುಳು ಮಿತಿ ಮೀರಿದಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ, ಹೊರಮೈ ಸಾಮಾನ್ಯವಾಗಿ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಉಳಿಯುವುದು ನ್ಯೂಟ್ರಾನ್ ನಕ್ಷತ್ರ, ಇಲ್ಲವೇ ಕಪ್ಪುಕುಳಿ.

ನಮ್ಮ ರೈತರು ಮಳೆಗೆ ಹೆಸರಿಟ್ಟುಕೊಂಡಿರುವ ಆರಿದ್ರಾ ನಕ್ಷತ್ರ ಈ ದಾರಿಯಲ್ಲೇ ಇದೆ. ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು, ಆಗಲೇ ಮುದಿ. 2019ರ ಕೊನೆಗೆ ಅದು ಮಂಕಾದಾಗ ಇನ್ನೇನು ಸಿಡಿಯಿತು ಎಂಬ ಸುದ್ದಿ ಹಬ್ಬಿತು. ಅದೇ ಉಗುಳಿದ ದೂಳು ಅಡ್ಡ ಬಂದಿತ್ತು, ಅಷ್ಟೆ. ಸಿಡಿತಕ್ಕೆ ಇನ್ನೂ ಒಂದು ಲಕ್ಷ ವರ್ಷ ಹಿಡಿದರೂ ಹಿಡಿಯಬಹುದು. ಸಿಡಿದರೆ ಹಗಲಲ್ಲೂ ಕಾಣುತ್ತದೆ. ಆದರೆ ಅದು ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಭೂಮಿಗೆ ಅಪಾಯವಿಲ್ಲ. ಯಾರಾದರೂ ಹೆದರಿಸಿದರೆ ನಂಬಬೇಡಿ.